ದಟ್ಟ ಕೂದಲು, ಅರೆಬರೆ ಉದ್ದ: ಬೆಳೆಸುವ ದಿನಗಳಲ್ಲಿ ತುರುಬು ನಿಲ್ಲಿಸುವ ಬಗೆ

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಅನ್ನುವ ಮಾತಿದೆ. ಅದು ಸೊಂಟ ಮುಟ್ಟುವ ಕೂದಲನ್ನು ನೋಡಿ ಹೇಳಿದ್ದಿರಬೇಕು. ಭುಜ ದಾಟಿ ಒಂದು ಗೇಣು ಇಳಿದು ನಿಂತ ದಟ್ಟ ಕೂದಲಿಗೆ ಆ ಮಾತು ಸಲ್ಲುವುದಿಲ್ಲ. ಬಿಟ್ಟರೆ ಕತ್ತು ಬೆವರುತ್ತದೆ, ಕಟ್ಟಿದರೆ ಹತ್ತು ನಿಮಿಷದಲ್ಲಿ ಜಾರುತ್ತದೆ, ಜಡೆ ಹಾಕಿದರೆ ಮೋಟಾಗಿ ಹೊರಗೆ ಚಾಚುತ್ತದೆ. ಬೇಸತ್ತು ಮತ್ತೆ ಕತ್ತರಿಸಿಕೊಂಡು ಬರುವವರೇ ಹೆಚ್ಚು. ಬೆಳೆಸಬೇಕೆಂದು ಹೊರಟವರು ಸೋಲುವುದು ಇದೇ ಹಂತದಲ್ಲಿ.

ತುರುಬು ನಿಲ್ಲದಿರುವುದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ, ಅಳತೆ. ಹೆಕ್ಕತ್ತಿನ ಬಳಿ ಎಲ್ಲ ಕೂದಲನ್ನೂ ಒಂದೇ ಜುಟ್ಟು ಮಾಡಿ, ಬ್ಯಾಂಡಿನ ಪಕ್ಕದಲ್ಲಿ ದರ್ಜಿಯ ಟೇಪು ಸುತ್ತಿ ನೋಡಿ. ಸುತ್ತಳತೆ 10 ಸೆಂ.ಮೀ. ದಾಟಿದರೆ ನಿಮ್ಮದು ದಟ್ಟ ಕೂದಲು. ಅಷ್ಟು ಸುತ್ತಳತೆಯ ಜುಟ್ಟಿನ ದಪ್ಪ ಸುಮಾರು 3 ಸೆಂ.ಮೀ. ಇರುತ್ತದೆ. ಇಷ್ಟು ದಪ್ಪದ ಹಗ್ಗ ತನ್ನ ಬುಡದ ಸುತ್ತ ಒಂದು ಸುತ್ತು ಬರಲು ಹತ್ತಿರ ಹತ್ತಿರ 20 ಸೆಂ.ಮೀ. ಉದ್ದ ನುಂಗುತ್ತದೆ. ಬ್ಯಾಂಡಿನಿಂದ ತುದಿಯವರೆಗೆ ನಿಮಗಿರುವುದು 25 ಸೆಂ.ಮೀ. ಆದರೆ, ಒಂದು ಸುತ್ತು ಮುಗಿದ ಮೇಲೆ ಉಳಿಯುವುದು ನಾಲ್ಕು ಬೆರಳಿಗೂ ಸಾಲದ ತುದಿ. ಅದನ್ನು ಸಿಕ್ಕಿಸಲು ಜಾಗವಿಲ್ಲ, ಹಿಡಿದಿಡಲು ಎರಡನೇ ಸುತ್ತಿಲ್ಲ. ಎಷ್ಟು ಪಿನ್ ಚುಚ್ಚಿದರೂ ಅದು ಬಿಚ್ಚಿಕೊಳ್ಳುತ್ತದೆ.

ಅದೇ ಕೂದಲನ್ನು ಎರಡು ಪಾಲು ಮಾಡಿ. ಒಂದೊಂದರ ದಪ್ಪ ಸುಮಾರು 2.2 ಸೆಂ.ಮೀ.ಗೆ ಇಳಿಯುತ್ತದೆ, ಒಂದು ಸುತ್ತಿಗೆ 14 ಸೆಂ.ಮೀ. ಸಾಕಾಗುತ್ತದೆ. ಅದೇ 25 ಸೆಂ.ಮೀ. ಈಗ ಎರಡು ಸುತ್ತಿನ ಹತ್ತಿರ ಬರುತ್ತದೆ, ತುದಿ ಒಳಗೆ ಅಡಗುತ್ತದೆ. ಹಾಗಾಗಿ ಮಧ್ಯಮ ಉದ್ದದ ದಟ್ಟ ಕೂದಲನ್ನು ಒಂದೇ ಗಂಟಿಗೆ ತುಂಬಬೇಡಿ. ಕೆಳಗಿನ ಶೈಲಿಗಳಲ್ಲಿ ಚೆನ್ನಾಗಿ ನಿಲ್ಲುವವು ನಿಲ್ಲುವುದು ಕೂದಲನ್ನು ಪಾಲು ಮಾಡಿಕೊಂಡದ್ದರಿಂದಲೇ.

ಕೈಗೆ ಬೇಕಾದದ್ದು

ಬಳೆ ಅಂಗಡಿಯಲ್ಲೋ ಫ್ಯಾನ್ಸಿ ಸ್ಟೋರಿನಲ್ಲೋ ಸಿಗುವ ಸಾಮಾನು ಸಾಕು. ಆದರೆ ಅಳತೆ ನೋಡಿ ಕೊಳ್ಳಿ. ಪೊಟ್ಟಣದಲ್ಲಿ ಬರುವ 5 ಸೆಂ.ಮೀ. ಪಿನ್ನುಗಳು ತೆಳು ಕೂದಲಿಗಾದವು. ದಟ್ಟ ತುರುಬನ್ನು ದಾಟಿ ತಲೆಗೆ ಅಂಟಿದ ಕೂದಲನ್ನು ಹಿಡಿಯುವಷ್ಟು ಉದ್ದ ಅವಕ್ಕಿಲ್ಲ. 7 ಸೆಂ.ಮೀ. ಆಸುಪಾಸಿನ ಯು ಪಿನ್ ಎಂಟು, ಉದ್ದನೆಯ ಸೈಡ್ ಪಿನ್ ಆರು, ಬಟ್ಟೆ ಹೊದಿಸಿದ ದಪ್ಪ ಬ್ಯಾಂಡ್ ಎರಡು, ತುದಿ ಕಟ್ಟಲು ಪಾರದರ್ಶಕವಾದ ಸಣ್ಣ ಬ್ಯಾಂಡ್ ನಾಲ್ಕು, ಬಾಲವಿರುವ ಬಾಚಣಿಗೆ ಒಂದು. ಮನೆಯಲ್ಲಿ ಬಿದ್ದಿರುವ ಬರೀ ರಬ್ಬರ್ ಬ್ಯಾಂಡ್ ಬೇಡ. ಅದು ಬಿಚ್ಚುವಾಗ ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಸಣ್ಣ ಬ್ಯಾಂಡುಗಳನ್ನು ಎಳೆದು ತೆಗೆಯದೆ ಕತ್ತರಿಯ ತುದಿಯಿಂದ ಕತ್ತರಿಸಿಬಿಡಿ.

ಸೈಡ್ ಪಿನ್ನಿಗೆ ಒಂದು ಬದಿ ನೇರ, ಇನ್ನೊಂದು ಬದಿ ಅಲೆಅಲೆ. ಅಲೆಯ ಬದಿ ತಲೆಬುರುಡೆಯ ಕಡೆಗಿರಬೇಕು, ಕೂದಲನ್ನು ಕಚ್ಚಿ ಹಿಡಿಯುವುದು ಅದೇ. ಬಹಳ ಜನ ಅಲೆ ಚೆಂದಕ್ಕೆ ಮಾಡಿದ್ದು ಎಂದುಕೊಂಡು ಅದನ್ನು ಮೇಲೆ ಮಾಡಿ ಸಿಕ್ಕಿಸುತ್ತಾರೆ. ಪಿನ್ ಜಾರುತ್ತದೆ ಎಂದು ಗೊಣಗುವವರೂ ಅವರೇ.

ತಲೆಗೆ ನೀರು ಹಾಕಿಕೊಂಡ ದಿನವೇ ತುರುಬು ಕಟ್ಟಲು ಹೊರಡಬೇಡಿ. ಆಗಷ್ಟೇ ತೊಳೆದು ಒಣಗಿದ ಕೂದಲು ರೇಷ್ಮೆ ದಾರದಂತೆ ಜಾರುತ್ತದೆ. ಮರುದಿನ ಅಥವಾ ಮೂರನೇ ದಿನದ ಕೂದಲಿಗೆ ಹಿಡಿತ ಬಂದಿರುತ್ತದೆ. ಎಣ್ಣೆ ಸುರಿದ ತಲೆಯೂ ಆಗದು. ಅಂಗೈಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಕೆಳಗಿನ ಅರ್ಧಕ್ಕೆ ಮಾತ್ರ ಸವರಿದರೆ ಸಿಕ್ಕು ಬಿಡಿಸಲು ಸುಲಭ.

ಒದ್ದೆ ಕೂದಲನ್ನು ಗಂಟು ಕಟ್ಟುವ ಅಭ್ಯಾಸವನ್ನಂತೂ ಬಿಡಲೇಬೇಕು. ನೀರು ಹೀರಿದ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ದಟ್ಟ ಕೂದಲಿನ ಗಂಟಿನ ಒಳಭಾಗ ಸಂಜೆಯಾದರೂ ಆರುವುದಿಲ್ಲ, ಬಿಚ್ಚಿದಾಗ ಮುಗ್ಗಲು ವಾಸನೆ. ಮಲೆನಾಡಿನ ಮಳೆಗಾಲದಲ್ಲಿ ಸಾಂಬ್ರಾಣಿ ಹೊಗೆಯ ಮೇಲೆ ಬುಟ್ಟಿ ಬೋರಲು ಹಾಕಿ ತಲೆ ಒಣಗಿಸುತ್ತಿದ್ದದ್ದು ಪರಿಮಳಕ್ಕೆ ಮಾತ್ರ ಅಲ್ಲ.

ಎರಡು ಜುಟ್ಟಿನ ತುರುಬು

ಕಚೇರಿಗೆ, ಪ್ರಯಾಣಕ್ಕೆ, ಸೀರೆಗೆ ಎಲ್ಲಕ್ಕೂ ಆಗುವುದು ಇದು. ಮೊದಲ ನಾಲ್ಕೈದು ಸಲ ಹದಿನೈದು ನಿಮಿಷ ಹಿಡಿಯುತ್ತದೆ, ಕೈ ಕೂತ ಮೇಲೆ ಐದು ನಿಮಿಷ. ಜುಟ್ಟಿನ ಬಾಲ 20 ಸೆಂ.ಮೀ. ಇದ್ದರೂ ನಡೆದೀತು, 25 ಇದ್ದರೆ ನಿರಾಳ.

1. ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸಿ. ಬಾಚಣಿಗೆಯ ಬಾಲದಿಂದ ಒಂದು ಕಿವಿಯ ಮೇಲ್ತುದಿಯಿಂದ ಹಿಂದಲೆಯ ಮೂಲಕ ಇನ್ನೊಂದು ಕಿವಿಯ ಮೇಲ್ತುದಿಯವರೆಗೆ ಅಡ್ಡಗೆರೆ ಎಳೆಯಿರಿ. ಮೇಲಿನ ಪಾಲನ್ನು ಕ್ಲಿಪ್ ಹಾಕಿ ಎತ್ತಿಡಿ. ಎರಡೂ ಕೈಯಲ್ಲಿ ಎರಡು ಪಾಲನ್ನೂ ಹಿಡಿದು ನೋಡಿ: ಕೆಳಗಿನದು ದಪ್ಪವೆನಿಸಿದರೆ ಗೆರೆಯನ್ನು ಅರ್ಧ ಬೆರಳು ಕೆಳಗೆ ತನ್ನಿ. ಕತ್ತಿನ ಕಡೆ ಹೆಚ್ಚು ದಟ್ಟವಾಗಿರುವ ತಲೆಗಳೇ ಜಾಸ್ತಿ.

2. ಗದ್ದವನ್ನು ಸ್ವಲ್ಪ ಮೇಲೆತ್ತಿ ಕೆಳಗಿನ ಪಾಲನ್ನು ಜುಟ್ಟು ಕಟ್ಟಿ. ಕತ್ತಿನ ಕೂದಲಂಚಿನಿಂದ ಎರಡು ಬೆರಳು ಮೇಲೆ ಇರಲಿ. ತಲೆ ಬಗ್ಗಿಸಿ ಕಟ್ಟಿದರೆ, ತಲೆ ಎತ್ತಿದ ಕೂಡಲೇ ಹೆಕ್ಕತ್ತಿನ ಚರ್ಮ ಮಡಚಿ ಕೂದಲು ಚೀಲದಂತೆ ಸಡಿಲಾಗುತ್ತದೆ. ತುರುಬು ಒಂದು ಗಂಟೆಯಲ್ಲಿ ಜೋತುಬೀಳಲು ಇದೊಂದೇ ತಪ್ಪು ಸಾಕು.

3. ಮೇಲಿನ ಪಾಲನ್ನು ಇಳಿಸಿ, ಬೈತಲೆ ನಿಮ್ಮಿಷ್ಟದಂತೆ ತೆಗೆದು, ಕೆಳಗಿನ ಜುಟ್ಟಿನ ನೇರ ಮೇಲೆ, ಹೆಚ್ಚೆಂದರೆ ಒಂದು ಬೆರಳಿನ ಅಂತರ ಬಿಟ್ಟು, ಎರಡನೇ ಜುಟ್ಟು ಕಟ್ಟಿ. ಅಂತರ ಹೆಚ್ಚಾದರೆ ತುರುಬಿನ ನಡುವೆ ಬೋಳು ಕಾಣುತ್ತದೆ.

4. ಎರಡೂ ಜುಟ್ಟಿನ ತುದಿಯ 5 ಸೆಂ.ಮೀ.ಯಷ್ಟನ್ನು ಸಡಿಲವಾಗಿ ಹೆಣೆದು ಸಣ್ಣ ಬ್ಯಾಂಡ್ ಹಾಕಿ. ಲೇಯರ್ ಕಟ್ ಮಾಡಿಸಿದ್ದ ಕೂದಲಿಗೆ ಇದು ಕಡ್ಡಾಯ, ಇಲ್ಲದಿದ್ದರೆ ಗಿಡ್ಡ ಎಳೆಗಳು ಪೊರಕೆಯಂತೆ ಎಲ್ಲ ಕಡೆಯಿಂದ ಇಣುಕುತ್ತವೆ.

5. ಕೆಳಗಿನ ಬಾಲವನ್ನು ಬಲಮುರಿಯಾಗಿ, ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಹಗ್ಗ ಹೊಸೆದಂತೆ ಹೊಸೆಯಿರಿ. ಅದೇ ದಿಕ್ಕಿನಲ್ಲಿ ಅದನ್ನು ಎಡಗಡೆಯಿಂದ ಮೇಲೆ ಒಯ್ದು, ಮೇಲಿನ ಜುಟ್ಟಿನ ಬುಡ ಬಳಸಿ ಬಲಗಡೆಗೆ ಇಳಿಸಿ. ತುದಿಯನ್ನು ಅಡಿಗೆ ತುರುಕಿ ಒಂದು ಪಿನ್ ಹಾಕಿ. ಹೊಸೆದ ದಿಕ್ಕಿಗೆ ವಿರುದ್ಧವಾಗಿ ಸುತ್ತಿದರೆ ಹುರಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹುರಿ ಅತಿಯಾದರೂ ತೊಂದರೆಯೇ: ಬಾಲ ತಾನಾಗಿ ಗಂಟು ಬೀಳುತ್ತದೆ, ಉದ್ದವೂ ಕುಗ್ಗುತ್ತದೆ. ಆರೇಳು ತಿರುವು ಸಾಕು.

6. ಮೇಲಿನ ಬಾಲವನ್ನೂ ಅದೇ ದಿಕ್ಕಿಗೆ ಹೊಸೆದು, ಬಲಗಡೆಯಿಂದ ಕೆಳಗಿಳಿಸಿ, ಕೆಳಗಿನ ಬುಡ ಬಳಸಿ ಎಡಗಡೆಗೆ ಏರಿಸಿ. ಎರಡು ಬಾಲಗಳೂ ಒಂದನ್ನೊಂದು ಹಿಂಬಾಲಿಸುವಂತೆ ಕೂರುತ್ತವೆ. ತುರುಬು ಉಂಡೆಯಾಗಿ ಹೊರಗೆ ಚಾಚದೆ ಚಪ್ಪಟೆಯಾಗಿರುತ್ತದೆ.

7. ಈಗ ಯು ಪಿನ್. ನೇರವಾಗಿ ಚುಚ್ಚಿದರೆ ಅದು ನಿಲ್ಲುವುದಿಲ್ಲ. ತುರುಬಿನ ಅಂಚಿನ ಒಂದಿಷ್ಟು ಕೂದಲನ್ನು ಪಿನ್ನಿನ ತುದಿಗಳಲ್ಲಿ ಎತ್ತಿಕೊಂಡು, ಪಕ್ಕದಲ್ಲೇ ತಲೆಗೆ ಅಂಟಿಕೊಂಡಿರುವ ಕೂದಲನ್ನೂ ಸೇರಿಸಿಕೊಂಡು, ಪಿನ್ನನ್ನು ಮಗುಚಿ ತುರುಬಿನ ನಡುವಿನ ಕಡೆಗೆ ತಲೆಯ ಗುಂಟ ತಳ್ಳಬೇಕು. ಹೊಲಿಗೆ ಹಾಕಿದ ಹಾಗೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು, ಎರಡು ತುದಿಗಳ ಬಳಿ ಒಂದೊಂದು. ಒಟ್ಟು ಆರು. ಎಂಟಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಪಿನ್ನಿನದಲ್ಲ ತಪ್ಪು, ಜುಟ್ಟು ಸಡಿಲವಿದೆ. ಬಿಚ್ಚಿ ಎರಡನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.

ಮುಗಿದ ಮೇಲೆ ತಲೆಯನ್ನು ಮುಂದಕ್ಕೆ ಬಗ್ಗಿಸಿ ಹತ್ತು ಎಣಿಸಿ, ಎರಡು ಸಲ ಅಲ್ಲಾಡಿಸಿ. ಎಲ್ಲಿ ಭಾರ ಜಗ್ಗುತ್ತದೋ ಅಲ್ಲೊಂದು ಪಿನ್. ಚುಚ್ಚಿ ನೋಯುವ ಪಿನ್ನನ್ನು ಸಹಿಸಿಕೊಳ್ಳಬೇಡಿ. ಸರಿಯಾಗಿ ಹಾಕಿದ ಪಿನ್ ಇರುವುದೇ ಗೊತ್ತಾಗುವುದಿಲ್ಲ. ನೋಯುತ್ತಿದ್ದರೆ ಅದರ ತುದಿ ಬುರುಡೆಗೆ ಒತ್ತುತ್ತಿದೆ, ತೆಗೆದು ಇನ್ನಷ್ಟು ಓರೆಯಾಗಿ ತಳ್ಳಿ. ದಟ್ಟ ಕೂದಲಿನವರಿಗೆ ಒಂದೇ ಜುಟ್ಟು ಕಟ್ಟಿದಾಗ ಬರುವ ತಲೆನೋವು ಇದರಲ್ಲಿ ಕಡಿಮೆ, ಭಾರ ಎರಡು ಬುಡಗಳಿಗೆ ಹಂಚಿಹೋಗುತ್ತದಲ್ಲ.

ಕತ್ತಿನ ಹತ್ತಿರದ ಗಿಡ್ಡ ಕೂದಲು ಬೇರೆಯದೇ ರಗಳೆ. ಬಾಬ್ ಕಟ್‌ನಿಂದ ಬೆಳೆಸುತ್ತಿರುವವರಿಗೆ ಅಲ್ಲಿಯದು ಜುಟ್ಟಿಗೇ ಎಟುಕುವುದಿಲ್ಲ. ಅಂಥವರು ಕೆಳಗಿನ ಜುಟ್ಟು ಕಟ್ಟುವ ಮೊದಲು, ತಲೆ ಬಗ್ಗಿಸಿ, ಹೆಕ್ಕತ್ತಿನ ನಡುವೆ ಮೂರು ಬೆರಳು ಅಗಲದ ಪಟ್ಟಿ ತೆಗೆದು ಕೆಳಗಿನಿಂದ ಮೇಲಕ್ಕೆ ಫ್ರೆಂಚ್ ಜಡೆ ಹೆಣೆಯಬಹುದು. ಎರಡೂ ಪಕ್ಕದ ಗಿಡ್ಡ ಕೂದಲನ್ನು ಸೇರಿಸಿಕೊಳ್ಳುತ್ತ ಹೋಗಿ ಜುಟ್ಟಿನಲ್ಲಿ ಮುಗಿಸುವುದು. ಆಮೇಲೆ ಗದ್ದ ಎತ್ತಿ ಜುಟ್ಟು ಬಿಗಿಯಬೇಕು, ಮರೆಯಬಾರದು. ಅಷ್ಟಕ್ಕೂ ಸಿಗದ ಮರಿಗೂದಲಿಗೆ ಎರಡು ಸೈಡ್ ಪಿನ್ನುಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಹಾಕಿ. ಒಂದೇ ಪಿನ್ ಜಾರುತ್ತದೆ, ಎರಡು ಒಂದನ್ನೊಂದು ತಡೆಯುತ್ತವೆ.

ಮಡಚಿದ ಎರಡು ಜಡೆ

ಶಾಲೆಗೆ ಹೋಗುವಾಗ ಎರಡು ಜಡೆ ಹಾಕಿ, ಮೇಲಕ್ಕೆ ಮಡಚಿ, ಕೆಂಪು ರಿಬ್ಬನ್ನು ಕಟ್ಟಿಸಿಕೊಂಡವರಿಗೆ ಇದರ ಅರ್ಧ ಪಾಠ ಆಗಿಯೇ ಇದೆ. ಬೈತಲೆಯನ್ನು ಹಿಂದಲೆಯ ಮೂಲಕ ಕತ್ತಿನವರೆಗೆ ಎಳೆದು ಕೂದಲನ್ನು ಎಡ ಬಲ ಮಾಡಿ. ಕಿವಿಯ ಹಿಂದೆ, ತಗ್ಗಿನಲ್ಲಿ, ಒಂದೊಂದು ಜಡೆ. ಎಡಜಡೆಯನ್ನು ಹೆಕ್ಕತ್ತಿನ ಮೇಲೆ ಅಡ್ಡವಾಗಿ ಬಲಕಿವಿಯ ಹಿಂಭಾಗಕ್ಕೆ ಒಯ್ದು ಅದರ ತುದಿಯನ್ನು ಬಲಜಡೆಯ ಬುಡದಡಿಗೆ ತುರುಕಿ. ಬಲಜಡೆಯನ್ನು ಅದರ ಮೇಲೆ ಎಡಕ್ಕೆ. ಒಂದೊಂದಕ್ಕೆ ಮೂರು ಸೈಡ್ ಪಿನ್, ಜಡೆಯ ಒಳ ಅಂಚನ್ನೂ ತಲೆಯ ಕೂದಲನ್ನೂ ಒಟ್ಟಿಗೆ ಕಚ್ಚುವಂತೆ.

ಇದರಲ್ಲಿ ಎಲ್ಲರೂ ಎಡವುವುದು ಹೆಣೆಯುವ ದಿಕ್ಕಿನಲ್ಲಿ. ಜಡೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಹೆಣೆದರೆ, ಅಡ್ಡ ತಿರುಗಿಸಿದಾಗ ಬುಡದ ಎಳೆಗಳು ಸಡಿಲವಾಗಿ ಕಿವಿಯ ಹಿಂದೆ ಉಬ್ಬುತ್ತವೆ. ಜಡೆ ಕೊನೆಗೆ ಎಲ್ಲಿ ಮಲಗಬೇಕೋ ಆ ಕಡೆಗೇ, ಅಂದರೆ ಹೆಕ್ಕತ್ತಿನ ನಡುವಿಗೆ ಎಳೆದುಕೊಂಡು ಮೊದಲ ಮೂರು ಹೆಣಿಗೆ ಹಾಕಿ. ಮಿಕ್ಕದ್ದನ್ನು ಭುಜದ ಮೇಲೆ ತಂದುಕೊಂಡು ಹೆಣೆದರೂ ಆಯಿತು. ಜಡೆ ಪೂರ್ತಿಯಾದ ಮೇಲೆ 18 ಸೆಂ.ಮೀ. ಇರಬೇಕು, ಕಿವಿಯಿಂದ ಕಿವಿಗೆ ಹಾಯಲು ಸುಮಾರು ಅಷ್ಟು ಬೇಕು. ಹೆಣೆದಾಗ ದಟ್ಟ ಕೂದಲು ಗಣನೀಯವಾಗಿ ಕುಗ್ಗುತ್ತದೆ ಎನ್ನುವುದು ಲೆಕ್ಕದಲ್ಲಿರಲಿ.

ಸ್ಕೂಟರ್ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂಬದಿ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ನೆತ್ತಿಯ ಗಂಟಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ಹೆಲ್ಮೆಟ್ ಮೇಲೆದ್ದು ನಿಲ್ಲುತ್ತದೆ, ಬಿದ್ದಾಗ ಅದರಿಂದ ಉಪಯೋಗವಿಲ್ಲ. ಕ್ಲಚರ್, ಅಂದರೆ ಹಲ್ಲುಗಳಿರುವ ದೊಡ್ಡ ಕ್ಲಿಪ್, ಹಾಕಿಕೊಂಡು ಅದರ ಮೇಲೆ ಹೆಲ್ಮೆಟ್ ಹಾಕುವುದಂತೂ ಬೇಡವೇ ಬೇಡ. ಮಡಚಿದ ಜಡೆ ಹೆಲ್ಮೆಟ್ಟಿನ ಹಿಂದಂಚಿನ ಕೆಳಗೆ ಚಪ್ಪಟೆಯಾಗಿ ಕೂರುತ್ತದೆ. ಹೆಲ್ಮೆಟ್ ತೆಗೆದಾಗ ನೆತ್ತಿಯ ಕೂದಲು ಒಂದಿಷ್ಟು ಎದ್ದಿರುತ್ತದೆ, ಒದ್ದೆ ಅಂಗೈಯಿಂದ ಸವರಿದರೆ ಮುಗಿಯಿತು.

ಕ್ಲಚರ್, ಫ್ರೆಂಚ್ ರೋಲ್, ಡೋನಟ್

ಮನೆಯಲ್ಲಿರುವಾಗ ಕ್ಲಚರ್ ಸಾಕು, ಆದರೆ 10 ಸೆಂ.ಮೀ.ಗಿಂತ ಚಿಕ್ಕದು ಕೊಳ್ಳಬೇಡಿ. ಅಂಗಡಿಯಲ್ಲೇ ಅದನ್ನು ಪೂರ್ತಿ ತೆರೆದು ನೋಡಿ: ಹಲ್ಲುಗಳು ಬಾಗಿ ಒಂದರೊಳಗೊಂದು ಕೂರಬೇಕು, ಸ್ಪ್ರಿಂಗ್ ಗಟ್ಟಿಯಿರಬೇಕು. ಕೂದಲನ್ನು ಮೇಲ್ಮುಖವಾಗಿ ಹೊಸೆದು, ತುದಿಯನ್ನು ಕೆಳಕ್ಕೆ ಮಡಚಿ, ಹಾಕುವಾಗ ಕೆಳಗಿನ ಹಲ್ಲುಗಳು ತಲೆಗೆ ತಾಗಿ ಅಲ್ಲಿಯ ಕೂದಲನ್ನು ಹಿಡಿಯಲಿ. ಬರೀ ಹೊರಗಿನ ಸುರುಳಿಯನ್ನು ಹಿಡಿದ ಕ್ಲಚರ್ ನಿಧಾನಕ್ಕೆ ಕೆಳಗಿಳಿಯುತ್ತದೆ.

ಫ್ರೆಂಚ್ ರೋಲ್ ಪಾರ್ಲರಿನಲ್ಲಿ ಬಹಳ ಕೇಳುವ ಶೈಲಿ. ಕೂದಲನ್ನೆಲ್ಲ ಎಡಕ್ಕೆ ಬಾಚಿ, ಹೆಕ್ಕತ್ತಿನಿಂದ ನೆತ್ತಿಯ ಕಡೆಗೆ ಆರೇಳು ಸೈಡ್ ಪಿನ್ನುಗಳನ್ನು ಒಂದರ ಮೇಲೊಂದು ಹಾಯುವಂತೆ ಸಾಲಾಗಿ ಹಾಕಿ, ಆ ಸಾಲಿನ ಮೇಲೆ ಬಲಕ್ಕೆ ತಂದು ಸುತ್ತಿ ಒಳಗೆ ತುರುಕುವುದು. ದಟ್ಟ ಕೂದಲಿಗೆ ನಾವು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಒಳಗೆ ತುರುಕಿದ ಕೂದಲಿಗೆ ಜಾಗ ಸಾಲದೆ ಸುರುಳಿ ಬಾಯಿ ಬಿಡುತ್ತದೆ. ಸಂಜೆಯ ಆರತಕ್ಷತೆಗೆ ಎರಡು ಮೂರು ಗಂಟೆ ನಿಂತೀತು, ಮುಹೂರ್ತದಿಂದ ಊಟದವರೆಗೆ ನಿಲ್ಲುವುದು ಕಷ್ಟ.

ಡೋನಟ್ ಅಂದರೆ ತುರುಬು ದಪ್ಪ ಕಾಣಲೆಂದು ಒಳಗಿಡುವ ಸ್ಪಂಜಿನ ಉಂಗುರ. ಅದರ ವಿಷಯದಲ್ಲಿ ದೊಡ್ಡದು ಕೊಂಡವರೇ ಹೆಚ್ಚು ಪಶ್ಚಾತ್ತಾಪ ಪಟ್ಟವರು. ನಿಮ್ಮ ಕೂದಲಿಗೆ ದಪ್ಪ ತಾನಾಗಿಯೇ ಇದೆ, ಇಲ್ಲದಿರುವುದು ಉದ್ದ. ದೊಡ್ಡ ಉಂಗುರವನ್ನು ಮುಚ್ಚಿ ಆಚೆ ಮಡಚುವಷ್ಟು ಕೂದಲು ಎಟುಕದೆ ಒಳಗಿನ ಸ್ಪಂಜು ಕಾಣುತ್ತದೆ. ಬೇಕೇ ಬೇಕಾದರೆ 6 ಸೆಂ.ಮೀ. ಅಗಲದ್ದು ಸಾಕು.

ಬಾಲ 20 ಸೆಂ.ಮೀ.ಗೂ ಬಂದಿಲ್ಲವಾದರೆ ಪೂರ್ತಿ ತುರುಬಿನ ಆಸೆ ಸದ್ಯಕ್ಕೆ ಬದಿಗಿಟ್ಟು ಅರ್ಧ ತುರುಬು ಹಾಕಿ: ಹುಬ್ಬಿನ ಮಟ್ಟದಿಂದ ಮೇಲಿನ ಕೂದಲಷ್ಟೇ ಗಂಟಿಗೆ, ಉಳಿದದ್ದು ಬಿಟ್ಟದ್ದು.

ಹೂ ಮುಡಿಯುವುದಾದರೆ

ಎರಡು ಜುಟ್ಟಿನ ತುರುಬಿನ ಅಡ್ಡಗಲ 9 ಸೆಂ.ಮೀ. ಎಂದುಕೊಂಡರೆ ಸುತ್ತಳತೆ 28 ಸೆಂ.ಮೀ. ಹತ್ತಿರ ಬರುತ್ತದೆ. ಒಂದು ಮೊಳ ಹೂ ಸುತ್ತಿದರೆ ಒಂದೂವರೆ ಸುತ್ತಾಗಿ ಅರ್ಧ ಕಡೆ ದಪ್ಪ, ಅರ್ಧ ಕಡೆ ತೆಳ್ಳಗೆ ಕಾಣುತ್ತದೆ. ಒಂದೂಕಾಲು ಮೊಳ ಕೇಳಿದರೆ ಎರಡು ಸುತ್ತು ಸರಿಯಾಗಿ ಬರುತ್ತದೆ. ಹೂವಾಡಗಿತ್ತಿಯ ಮೊಳ ಯಾವಾಗಲೂ ನಮ್ಮ ಮೊಳಕ್ಕಿಂತ ಒಂದು ಬೆರಳು ಗಿಡ್ಡ, ಒಂದೂವರೆಯೇ ಕೇಳಿಬಿಡಿ.

ಹೂವನ್ನು ತುರುಬಿಗೆ ಪಿನ್ ಮಾಡಬೇಡಿ, ಅದರ ಭಾರಕ್ಕೆ ತುರುಬೇ ಜಗ್ಗುತ್ತದೆ. ದಾರದ ಒಂದು ತುದಿಯನ್ನು ತುರುಬಿನ ಅಡಿಗೆ, ತಲೆಗೆ ಅಂಟಿದ ಕೂದಲಿಗೆ ಯು ಪಿನ್ನಿನಿಂದ ಕಚ್ಚಿಸಿ, ತುರುಬು ಮತ್ತು ತಲೆ ಸೇರುವ ಸಂದಿನಲ್ಲಿ ಸುತ್ತಿಕೊಂಡು ಬನ್ನಿ. ಪ್ರತಿ ಕಾಲು ಸುತ್ತಿಗೆ ಒಂದು ಪಿನ್, ಹೂವಿನ ನಡುವಿನ ದಾರದ ಮೇಲೆ ಬರುವಂತೆ. ಉಡುಪಿ, ಮಂಗಳೂರಿನ ಕಡೆ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆ ನೂಲಿನ ದಂಡೆಗಿಂತ ಚೆನ್ನಾಗಿ ಹಿಡಿದು ನಿಲ್ಲುತ್ತದೆ. ನೀರು ಚಿಮುಕಿಸಿದ ಹೂವನ್ನು ಕೊಡವಿ ಮುಡಿಯಿರಿ. ಕನಕಾಂಬರ ಹಗುರ, ಎರಡು ಮೊಳವಾದರೂ ಜಗ್ಗುವುದಿಲ್ಲ.

ಬೆಳೆಯುವವರೆಗೆ

ತಲೆಗೂದಲು ತಿಂಗಳಿಗೆ ಬೆಳೆಯುವುದು ಸರಾಸರಿ 1 ಸೆಂ.ಮೀ.ಗಿಂತ ತುಸು ಹೆಚ್ಚು, ವರ್ಷಕ್ಕೆ 15 ಸೆಂ.ಮೀ. ಆಸುಪಾಸು. ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು. ಕೂದಲು ಬೆಳೆಯುವುದು ಬುಡದಲ್ಲಿ, ಕತ್ತರಿ ತಾಗುವುದು ತುದಿಗೆ. ಹಾಗೆಂದು ಕತ್ತರಿಯನ್ನೇ ಮುಟ್ಟದಿದ್ದರೆ ಸೀಳಿದ ತುದಿ ಮೇಲಕ್ಕೆ ಹರಿಯುತ್ತ ಹೋಗಿ ತುಂಡಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ 1 ಸೆಂ.ಮೀ. ತೆಗೆಸಿ. ಪಾರ್ಲರಿನಲ್ಲಿ ಬಾಯಲ್ಲಿ ಹೇಳಿದರೆ ಸಾಲದು, ಬೆರಳಿಟ್ಟು ತೋರಿಸಿ. "ಸ್ವಲ್ಪ" ಅಂದರೆ ಅವರ ಲೆಕ್ಕದಲ್ಲಿ ಮೂರು ತಿಂಗಳ ಬೆಳವಣಿಗೆ. ಲೇಯರ್ ಇದ್ದವರು ಹಿಂಭಾಗದ ತುದಿಯನ್ನಷ್ಟೇ ಕತ್ತರಿಸಿಕೊಳ್ಳುತ್ತ, ಮುಂದಿನ ಗಿಡ್ಡ ಎಳೆಗಳನ್ನು ಮುಟ್ಟಿಸದೆ ಬಿಡಬೇಕು. ಮುಂದಿನದು ಹಿಂದಿನದಕ್ಕಿಂತ ಒಂದು ಗೇಣು ಗಿಡ್ಡವಿದ್ದರೆ ಹಿಂದಿನದರ ಈಗಿನ ಉದ್ದ ಮುಟ್ಟಲು ಒಂದು ವರ್ಷ ಮೀರಿ ಹಿಡಿಯುತ್ತದೆ. ಅಲ್ಲಿಯವರೆಗೆ ಅವನ್ನು ಬೈತಲೆಯ ಎರಡೂ ಪಕ್ಕ ಹೊಸೆದು ಕಿವಿಯ ಹಿಂದೆ ಪಿನ್ ಮಾಡಿಕೊಳ್ಳುವುದೇ ದಾರಿ.

ದಿನಾ ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ಕಟ್ಟಬೇಡಿ. ಹಣೆಯಂಚಿನಲ್ಲಿ, ಕಿವಿಯ ಮೇಲೆ ಬುಡ ಎಳೆದು ಎಳೆದು ಕೂದಲು ತೆಳುವಾಗುತ್ತದೆ, ವರ್ಷಗಟ್ಟಲೆ ಎಳೆದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು. ಕಟ್ಟಿದ ಮೇಲೆ ಹುಬ್ಬು ಎತ್ತಿ ನೋಡಿ, ಹಣೆ ಎಳೆದಂತಾದರೆ ಬಿಗಿ ಹೆಚ್ಚಾಗಿದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ ಎರಡು ವಾರ ಬರೀ ಸಡಿಲ ಜಡೆ ಹಾಕಿ. ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ರಾತ್ರಿ ತುರುಬು ಬಿಚ್ಚಿ ಮಲಗಿ. ಮೊದಲು ಪಿನ್ನುಗಳನ್ನು ಎಣಿಸಿಕೊಂಡು ತೆಗೆಯಿರಿ, ಹಾಕಿದ್ದು ಆರಾದರೆ ಆರೂ ಕೈಗೆ ಬರಬೇಕು. ದಟ್ಟ ಕೂದಲಿನಲ್ಲಿ ಉಳಿದುಹೋದ ಆರನೆಯದು ಬೆಳಿಗ್ಗೆ ಬಾಚಣಿಗೆಗೆ ಸಿಕ್ಕುತ್ತದೆ.